ರೈಫಲ್ ಕಟ್ಟೋಕೆ ಮುಂಚೆ ಸ್ಕ್ರೂ ಬಿಚ್ಚೋದು ಕಲೀಬೇಕು

ಅಮೆರಿಕದಲ್ಲಿ ಹಳೇ ಬೈಕ್ ರಿಪೇರಿ ಮಾಡೋ ಥರಾನೇ ಗನ್‌ಸ್ಮಿತಿಂಗ್ ಕೂಡ ಕೆಲವರಿಗೆ ಹವ್ಯಾಸ. ಬಂದೂಕು ಇಟ್ಕೊಳ್ಳೋಕೆ ಅರ್ಹತೆ ಇರೋರು ಮಾರಾಟಕ್ಕಲ್ಲದೆ ಸ್ವಂತಕ್ಕೆ ಸಾಮಾನ್ಯ ರೈಫಲ್ ಮಾಡ್ಕೊಂಡ್ರೆ ಅಲ್ಲಿ ಫೆಡರಲ್ ಲೈಸೆನ್ಸ್ ಬೇಡ. ಕೆಲವು ರಾಜ್ಯಗಳ ಕಾನೂನು ಮಾತ್ರ ಇನ್ನೂ ಬಿಗಿ. ನಮ್ಮಲ್ಲಿ 1959ರ ಆಯುಧ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಬಂದೂಕು ತಯಾರಿಸೋದು ಅಪರಾಧ. ಕೊಡವರಿಗೆ ಇರೋ ವಿನಾಯಿತಿಯೂ ಕೋವಿ ಇಟ್ಕೊಳ್ಳೋಕೆ, ತಯಾರಿಸೋಕೆ ಅಲ್ಲ. ಹಾಗಾಗಿ ಇದು ಟ್ರೈ ಮಾಡೋಕೆ ಬರೆದಿದ್ದಲ್ಲ. ಅವರು ಈ ಕೆಲಸ ಕಲಿಯೋ ಕ್ರಮ ಇದೆಯಲ್ಲ, ಅದು ನಮಗೂ ಉಪಯೋಗಕ್ಕೆ ಬರುತ್ತೆ.

ಮೊದಲ ಮೆಟ್ಟಿಲು ಖಾಲಿ ಬಂದೂಕನ್ನ ಬಿಚ್ಚಿ, ಕ್ಲೀನ್ ಮಾಡಿ, ಮತ್ತೆ ಜೋಡಿಸೋದು. ಸುಲಭ ಅನ್ಸುತ್ತೆ ಅಲ್ವಾ? ಆದ್ರೆ ಗನ್ ಸ್ಕ್ರೂಗಳ ಸ್ಲಾಟ್ ಕಿರಿದು, ಅದರ ಗೋಡೆಗಳು ನೇರ. ನಮ್ಮ ಮಾಮೂಲಿ ಸ್ಕ್ರೂಡ್ರೈವರ್ ತುದಿ ಬೆಣೆ ಥರ ಇರುತ್ತೆ. ಅದು ಜಾರಿದ್ರೆ ಸ್ಲಾಟ್ ಕಿತ್ತು ಹೋಗುತ್ತೆ. ಅದಕ್ಕೇ ಸ್ಲಾಟ್‌ಗೆ ಸರಿಯಾಗಿ ಕೂರೋ ಹಾಗೆ ಉಜ್ಜಿದ ಬಿಟ್ ಬಳಸ್ತಾರೆ. ಇಲ್ಲಿ ತಪ್ಪಾದ್ರೆ ಹೋಗೋದು ಒಂದು ಸ್ಕ್ರೂ ಅಷ್ಟೇ.

ಎರಡನೇದು ಮರದ ಹಿಡಿ, ಅಂದ್ರೆ ಸ್ಟಾಕ್. ಹಳೇ ಪಾಲಿಶ್ ತೆಗೆದು, ಮರದ ನಾರಿನ ದಿಕ್ಕಲ್ಲೇ ಸ್ಯಾಂಡ್‌ಪೇಪರ್ ಹಾಕಿ, ಅಗಸೆ ಎಣ್ಣೆಯನ್ನ ತೆಳುವಾಗಿ ಹಚ್ಚಿ, ಒಣಗಿದ ಮೇಲೆ ಇನ್ನೊಂದು ಕೋಟ್. ಕೈಗೆ ತಾಳ್ಮೆ ಬರೋದು ಇಲ್ಲೇ. ಚೆನ್ನಾಗಿ ಬರದಿದ್ರೆ ಉಜ್ಜಿ ಮತ್ತೆ ಶುರು ಮಾಡಬಹುದು.

ಮೂರನೇದು ಬೆಡ್ಡಿಂಗ್. ಲೋಹದ ಭಾಗಕ್ಕೂ ಮರಕ್ಕೂ ನಡುವಿನ ಸಂದಿಗೆ ಎಪಾಕ್ಸಿ ತುಂಬ್ತಾರೆ. ಆಗ ಪ್ರತಿ ಹೊಡೆತದ ನಂತರವೂ ಲೋಹ ಅದೇ ಜಾಗದಲ್ಲಿ ಕೂರುತ್ತೆ, ಗುರಿ ಅಲುಗಲ್ಲ. ಎಪಾಕ್ಸಿ ಹಿಡಿಯದ ಹಾಗೆ ಲೋಹಕ್ಕೆ ರಿಲೀಸ್ ಏಜೆಂಟ್ ಹಚ್ಚೋದು ಮರೆತ್ರೆ ಎರಡೂ ಅಂಟಿಕೊಂಡು ಕೂರುತ್ತೆ. ಇಲ್ಲಿಂದ ತಪ್ಪು ದುಬಾರಿ.

ಬ್ಯಾರಲ್ ಕೆಲಸ ಬರೋದು ಕೊನೆಗೆ. ಯಾಕೆ ಅಂದ್ರೆ .308 ವಿಂಚೆಸ್ಟರ್ ತೋಟಾದ ಗರಿಷ್ಠ ಒತ್ತಡ 62,000 ಪಿಎಸ್‌ಐ. ಕಾರ್ ಟೈರ್‌ನಲ್ಲಿ ಇರೋದು 32ರ ಆಸುಪಾಸು! ತೋಟಾ ಕೂರೋ ಜಾಗದ ಅಳತೆಗೆ ಹೆಡ್‌ಸ್ಪೇಸ್ ಅಂತಾರೆ. ಅದನ್ನ ನೋಡೋದು ನಮ್ಮ ಮೆಟ್ರಾಲಜಿ ಲ್ಯಾಬ್‌ನಲ್ಲಿರೋ ಥರದ ಗೋ, ನೋ-ಗೋ ಗೇಜ್‌ಗಳಿಂದಲೇ. .308ಕ್ಕೆ ಆ ಎರಡು ಗೇಜ್‌ಗಳ ವ್ಯತ್ಯಾಸ ಸುಮಾರು 0.1 ಮಿಲಿಮೀಟರ್. ಜಾಗ ತುಂಬಾ ಹೆಚ್ಚಾದ್ರೆ ಹಿತ್ತಾಳೆ ಕೇಸ್ ಸೀಳಿ, ಬಿಸಿ ಗ್ಯಾಸ್ ಮುಖದ ಹತ್ತಿರವೇ ಹೊರಗೆ ನುಗ್ಗಬಹುದು. ವರ್ಷಗಟ್ಟಲೆ ಅನುಭವ ಇರೋ ಹವ್ಯಾಸಿಗಳೂ ಎಷ್ಟೋ ಸಲ ಈ ಒಂದು ಕೆಲಸವನ್ನ ವೃತ್ತಿಪರರಿಗೇ ಬಿಡ್ತಾರೆ.

ಮೆಟ್ಟಿಲುಗಳ ಕ್ರಮ ಗಮನಿಸಿ. ಸರಿಪಡಿಸಬಹುದಾದ ತಪ್ಪು ಮೊದಲು, ಸರಿಪಡಿಸೋಕೆ ಆಗದ ತಪ್ಪು ಕೊನೆಗೆ. ಬರೀ ಕಷ್ಟ ಎಷ್ಟು ಅಂತ ನೋಡಿ ಇಟ್ಟ ಕ್ರಮ ಅಲ್ಲ ಇದು. ನಾವು ಪ್ರಾಜೆಕ್ಟ್ ಪ್ಲಾನ್ ಮಾಡುವಾಗ ಡೆಡ್‌ಲೈನ್ ನೋಡಿ ಕೆಲಸ ಹಂಚ್ಕೋತೀವಿ. ಅದರ ಜೊತೆಗೆ ಪ್ರತಿ ಹಂತದ ಮುಂದೆ ಇನ್ನೊಂದು ಸಾಲು ಬರೆದುಕೊಳ್ಳೋಣ: ಇಲ್ಲಿ ತಪ್ಪಾದ್ರೆ ಏನು ಹಾಳಾಗುತ್ತೆ, ಯಾರಿಗೆ ಏಟು ಬೀಳುತ್ತೆ? ಲಿಥಿಯಂ ಬ್ಯಾಟರಿ ಪ್ಯಾಕ್‌ಗೆ ವೆಲ್ಡ್ ಹಾಕೋದು ಯಾರು, ಕವರ್‌ಗೆ ಪೇಂಟ್ ಹೊಡೆಯೋದು ಯಾರು ಅನ್ನೋದು ಆಗ ತಾನಾಗೇ ತೀರ್ಮಾನ ಆಗುತ್ತೆ.