ಕಥೆಯಲ್ಲಿ ತಪ್ಪಿದರೆ ತಿದ್ದುವವರು ಯಾರು?

ರಾತ್ರಿ ಊಟವಾದ ಮೇಲೆ ನಿಮ್ಮ ಮನೆಯ ಮಕ್ಕಳು ಏನು ಮಾಡುತ್ತಾರೆ? ಟಿ.ವಿ., ಮೊಬೈಲ್ ಬಿಟ್ಟರೆ ಬೇರೇನೂ ಇಲ್ಲವೆಂದಾದರೆ ಒಂದು ಆಟ ಆಡಿಸಿ ನೋಡಿ. ಎಲ್ಲರೂ ಸುತ್ತ ಕುಳಿತುಕೊಳ್ಳಬೇಕು. ಒಬ್ಬರು ಕಥೆಯ ಒಂದು ವಾಕ್ಯ ಹೇಳಿದರೆ ಪಕ್ಕದವರು ಅದನ್ನು ಮುಂದುವರಿಸಬೇಕು. ಖರ್ಚಿಲ್ಲ, ಸಾಮಾನು ಬೇಡ. ಆದರೆ ಶುರು ಮಾಡುವ ಮೊದಲೇ ಒಂದು ವಿಷಯ ತೀರ್ಮಾನಿಸಿಕೊಳ್ಳಿ. ಯಾರಾದರೂ ತಪ್ಪಿದರೆ ತಿದ್ದುವ ಹಕ್ಕು ಯಾರಿಗೆ?

ನಾವು ಅದನ್ನು ತೀರ್ಮಾನಿಸದೆ ಕುಳಿತಿದ್ದೆವು. ನಮ್ಮ ಮನೆಮಾತು ಉರ್ದು, ಮಕ್ಕಳ ಶಾಲೆ ಕನ್ನಡ. ಆಟವೂ ಕನ್ನಡದಲ್ಲೇ ಇರಲಿ ಎಂದೆ. ನನ್ನ ಅತ್ತೆ ಉತ್ಸಾಹದಿಂದಲೇ ಬಂದು ಕುಳಿತರು. ಅವರ ಸರದಿ ಬಂದಾಗ, "ಆಗ ಮೀನು ಹೇಳಿದಳು, ನನ್ನನ್ನು ಬಿಟ್ಟುಬಿಡು" ಎಂದರು. ಏಳನೇ ತರಗತಿಯ ಮಗ ತಟ್ಟನೆ, "ದಾದಿ, ಹೇಳಿದಳು ಅಲ್ಲ, ಹೇಳಿತು!" ಎಂದ. ಚಿಕ್ಕವಳು ಕಿಸಕ್ಕನೆ ನಕ್ಕಳು. ಅತ್ತೆಯೂ ನಕ್ಕರು. ಆದರೆ ಮುಂದಿನ ಸುತ್ತಿನಲ್ಲಿ, "ನೀವೇ ಆಡಿ ಬೇಟಾ, ನನಗೆ ಬರೋದಿಲ್ಲ" ಎಂದು ತಸ್ಬೀಹ್ ಕೈಗೆತ್ತಿಕೊಂಡರು.

ಮಗನನ್ನು ಗದರಿಸಬೇಕೆನಿಸಿತು. ಆದರೆ ಅವನು ಹೇಳಿದ್ದು ವ್ಯಾಕರಣದ ಪ್ರಕಾರ ಸರಿಯೇ ತಾನೆ? ಉರ್ದುವಿನಲ್ಲಿ ಮಛ್ಲಿ ಸ್ತ್ರೀಲಿಂಗ, ಕನ್ನಡದಲ್ಲಿ ಮೀನು ನಪುಂಸಕಲಿಂಗ. ರಾತ್ರಿ ಪಾತ್ರೆ ತೊಳೆಯುತ್ತಿರುವಾಗ ಇನ್ನೊಂದು ನೆನಪಾಯಿತು. ನಮ್ಮ ಕಾಗಕ್ಕ-ಗುಬ್ಬಕ್ಕನ ಕಥೆಯಲ್ಲಿ ಗುಬ್ಬಕ್ಕ 'ಹೇಳಿದಳು' ಎಂದೇ ಅಲ್ಲವೇ ನಾವು ಹೇಳುವುದು? ಕಥೆಯೊಳಗೆ ಮಾತಾಡುವ ಹಕ್ಕಿ 'ಅವಳು' ಆಗಬಹುದಾದರೆ ಮೀನಿಗೇಕೆ ಆಗದು? ತಿದ್ದಿದವನ ತಿದ್ದುಪಡಿಯೇ ಅಷ್ಟು ಗಟ್ಟಿಯಾಗಿರಲಿಲ್ಲ. ಪಾಪ, ಅತ್ತೆ ಸುಮ್ಮನೆ ಎದ್ದು ಹೋಗಿದ್ದರು.

ಎಲ್ಲರಿಗೂ ತಿದ್ದುವ ಹಕ್ಕು ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಒಂದು ದೊಡ್ಡ ಉದಾಹರಣೆ ಇದೆ. 2007ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಪೆಂಗ್ವಿನ್ ಪ್ರಕಾಶನ ಮತ್ತು ಡಿ ಮಾಂಟ್‌ಫರ್ಟ್ ವಿಶ್ವವಿದ್ಯಾಲಯ ಸೇರಿ 'ಎ ಮಿಲಿಯನ್ ಪೆಂಗ್ವಿನ್ಸ್' ಎಂಬ ಪ್ರಯೋಗ ಮಾಡಿದವು. ಇಂಟರ್‌ನೆಟ್‌ನಲ್ಲಿ ಒಂದೇ ಕಾದಂಬರಿ. ಯಾರು ಬೇಕಾದರೂ ಬರೆಯಬಹುದು, ಯಾರು ಬರೆದದ್ದನ್ನೂ ತಿದ್ದಬಹುದು, ಅಳಿಸಬಹುದು. ಐದು ವಾರಗಳಲ್ಲಿ ಸುಮಾರು 1500 ಜನ ಕೈ ಹಾಕಿದರು. ಒಬ್ಬ ಮಹಾಶಯರಂತೂ ಕಂಡಲ್ಲೆಲ್ಲ ಬಾಳೆಹಣ್ಣು ತುರುಕಿದರು! ಕೊನೆಗೆ ಓದಲು ಒಂದು ಸರಿಯಾದ ಕಾದಂಬರಿ ಸಿಗಲಿಲ್ಲ. ಇದಕ್ಕೆ ತೀರಾ ವಿರುದ್ಧ, 1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಕಥೆಯಾಟ. ಅಲ್ಲಿ ಎಲ್ಲರೂ ಸೇರಿ ಕಥೆ ಕಟ್ಟಿದರೂ ಆಟ ನಡೆಸುವವರ ಮಾತೇ ಕೊನೆಯದು. ಅದು ಅಲ್ಲಿಗೆ ಸರಿ. ಆದರೆ ನಮ್ಮ ಮನೆಯಲ್ಲಿ ಆ ಪಟ್ಟ ಯಾರಿಗೆ ಕೊಡುವುದು? ನನಗೆ ಕೊಟ್ಟರೆ ಅದು ಆಟವಾಗದು, ಹೋಂವರ್ಕ್ ಆದೀತು.

ಮರುದಿನ ಮಕ್ಕಳನ್ನೇ ಕೂರಿಸಿ ಕೇಳಿದೆ. ತುಂಬಾ ಜಗಳವಾಡಿ ಒಂದು ಒಪ್ಪಂದಕ್ಕೆ ಬಂದೆವು. ಒಬ್ಬರು ಹೇಳಿದ ವಾಕ್ಯವನ್ನು ಬದಲಾಯಿಸುವ ಹಕ್ಕು ಹೇಳಿದವರಿಗೆ ಮಾತ್ರ. ಉಳಿದವರು ಪ್ರಶ್ನೆ ಕೇಳಬಹುದು, ಅದೂ ಒಂದೇ ಒಂದು. ತಿಮಿಂಗಿಲವನ್ನು ಮೀನು ಎಂದಂಥ ತಪ್ಪುಗಳನ್ನು ಕಥೆ ಮುಗಿದ ಮೇಲೆ ಪುಸ್ತಕ ತೆಗೆದು ನೋಡುವುದು. (ಹಾಗೆ ಹೇಳಿದವನು ವ್ಯಾಕರಣ ಪಂಡಿತನಾದ ನನ್ನ ಮಗನೇ. ತಿಮಿಂಗಿಲ ಸಸ್ತನಿ ಎಂದು ಪುಸ್ತಕ ತೋರಿಸಿದ್ದು ತಂಗಿ.)

ಭಾಷೆಯ ತಪ್ಪನ್ನು ಮಾತ್ರ ಯಾರೂ ತಿದ್ದುವ ಹಾಗಿಲ್ಲ. ಹಾಗಾದರೆ ಮಕ್ಕಳು ಕಲಿಯುವುದು ಹೇಗೆ ಎಂದು ನೀವು ಕೇಳಬಹುದು. ಅದಕ್ಕೆ ಬೇರೆ ದಾರಿ ಇದೆ. ಉರ್ದುವಿನಲ್ಲಿ ನಿನ್ನೆಗೂ ನಾಳೆಗೂ 'ಕಲ್' ಎಂಬ ಒಂದೇ ಪದ. ಆದ್ದರಿಂದ ಚಿಕ್ಕವಳು "ರಾಜ ನಾಳೆ ಬೇಟೆಗೆ ಹೋದ" ಎನ್ನುತ್ತಾಳೆ. ನನ್ನ ಸರದಿಯಲ್ಲಿ ನಾನು, "ನಿನ್ನೆ ಬೇಟೆಗೆ ಹೋದ ರಾಜ ಇಂದು ಮರಳಿ ಬಂದ" ಎಂದು ಮುಂದುವರಿಸುತ್ತೇನೆ. ತಪ್ಪೆಂದು ಬೆರಳು ತೋರಿಸದೆ ಸರಿಯಾದ ರೂಪ ಕಿವಿಗೆ ಬೀಳುತ್ತದೆ. ಪ್ರತಿ ಸಲವೂ ಅದು ನಾಟುವುದಿಲ್ಲ, ನಿಜ. ಆದರೆ ಅವಳ ಬಾಯಿ ಕಟ್ಟುವುದಿಲ್ಲ.

ಅತ್ತೆಯನ್ನು ಮತ್ತೆ ಕರೆತರಲು ಒಂದು ವಾರ ಬೇಕಾಯಿತು. ಕರೆಯಲು ಮಗನನ್ನೇ ಕಳುಹಿಸಿದೆ. ಅವನು ಅವರ ಮಂಚದ ಬಳಿ ಹೋಗಿ, "ದಾದಿ, ಆ ಮೀನು ಆಮೇಲೆ ಏನು ಹೇಳಿದಳು?" ಎಂದು ಕೇಳಿದ. ಅತ್ತೆ ತಸ್ಬೀಹ್ ದಿಂಬಿನ ಕೆಳಗಿಟ್ಟು ಎದ್ದು ಬಂದರು.

ಆ ರಾತ್ರಿ ಚಿಕ್ಕವಳು ರಾಜಕುಮಾರನನ್ನು ದೋಣಿ ಹತ್ತಿಸಿದಳು. ಆ ದೋಣಿ ಎರಡನೇ ಸುತ್ತಿನಲ್ಲೇ ಮುಳುಗಿಹೋಗಿತ್ತು. ಮಗನ ಬಾಯಿ ತೆರೆಯಿತು, ಮುಚ್ಚಿತು. ಆಮೇಲೆ ನಿಯಮದಂತೆ, "ಮುಳುಗಿದ ದೋಣಿ ಮೇಲೆ ಬಂದದ್ದು ಹೇಗೆ?" ಎಂದು ಕೇಳಿದ.

ಅವಳು ದಾದಿಯ ಮುಖ ನೋಡಿದಳು. "ಮೀನು ಎತ್ತಿಕೊಟ್ಟಳು" ಎಂದಳು.