ಕಾಶ್ಮೀರಿ ಗೇಟ್‌ನ ಹಳೇ ಚರ್ಚು: ಎರಡೂ ಕಡೆಯವರಿಗೆ ಬೇಡವಾದವನ ಹರಕೆ

ಗುರುಗ್ರಾಮದಲ್ಲಿ ಹಳದಿ ಲೈನ್ ಮೆಟ್ರೋ ಹತ್ತಿದ್ರೆ ಸೀದಾ ಕಾಶ್ಮೀರಿ ಗೇಟ್. ಅಲ್ಲಿಂದ ನಡೆದೇ ಹೋಗಬಹುದು ಸೇಂಟ್ ಜೇಮ್ಸ್ ಚರ್ಚಿಗೆ. 1836ರಲ್ಲಿ ಪ್ರಾರ್ಥನೆಗೆ ತೆರೆದದ್ದು.

ಕಟ್ಟಿಸಿದವನು ಕರ್ನಲ್ ಜೇಮ್ಸ್ ಸ್ಕಿನ್ನರ್. ಅಪ್ಪ ಸ್ಕಾಟ್ಲೆಂಡಿನವನು, ಅಮ್ಮ ರಜಪೂತ ಹೆಣ್ಣುಮಗಳು. ಅಷ್ಟಕ್ಕೇ ಕಂಪನಿ ಸೈನ್ಯದಲ್ಲಿ ಅಧಿಕಾರಿಯಾಗೋ ಬಾಗಿಲು ಮುಚ್ಚಿತ್ತು. ಹಾಗಾಗಿ ಮರಾಠರ ಸಿಂಧಿಯಾ ಸೈನ್ಯ ಸೇರಿದ. 1800ರಲ್ಲಿ ಉಣಿಯಾರಾ ಕಾಳಗದಲ್ಲಿ ಗಾಯಗೊಂಡು ಬಿದ್ದಾಗ, ಬದುಕಿದರೆ ಚರ್ಚು ಕಟ್ಟಿಸ್ತೀನಿ ಅಂತ ಹರಕೆ ಹೊತ್ತನಂತೆ.

1803ರಲ್ಲಿ ಬ್ರಿಟಿಷರ ಜೊತೆ ಯುದ್ಧ ಬಂತು. ಸಿಂಧಿಯಾ ಕಡೆಯವರೂ ಇವನನ್ನು ನಂಬದೆ ಹೊರಗೆ ಹಾಕಿದರು. ಆಮೇಲೆ ಅದೇ ಕಂಪನಿಗಾಗಿ ಅವನು ಕಟ್ಟಿದ ಕುದುರೆ ದಳ, ಸ್ಕಿನ್ನರ್ಸ್ ಹಾರ್ಸ್, ಇವತ್ತಿಗೂ ನಮ್ಮ ಸೇನೆಯಲ್ಲಿದೆ.

ಚರ್ಚಿನ ತಳ ಶಿಲುಬೆಯಾಕಾರ, ನಡುವೆ ಎಂಟು ಮೂಲೆಯ ಗುಮ್ಮಟ. 1857ರಲ್ಲಿ ಅದಕ್ಕೆ ಗುಂಡೇಟು ಬಿದ್ದಿತ್ತು. ಸ್ಕಿನ್ನರ್ 1841ರಲ್ಲಿ ಹಾನ್ಸಿಯಲ್ಲಿ ತೀರಿಕೊಂಡ. ದೇಹವನ್ನು ಇಲ್ಲಿಗೇ ತಂದು ಪೂಜಾವೇದಿಕೆಯ ಹತ್ತಿರ ಸಮಾಧಿ ಮಾಡಿದರು.

ಆ ಕಲ್ಲಿನ ಮುಂದೆ ನಿಂತಾಗ ನನ್ನದೇ ನೆನಪಾಯ್ತು. ಇಲ್ಲಿ ಆಫೀಸಲ್ಲಿ ನಾನು ‘ಮದ್ರಾಸಿ’. ಹಾಸನಕ್ಕೆ ಹೋದ್ರೆ ‘ದಿಲ್ಲಿಯವರು ಬಂದ್ರು’. ಅವನ ಪಾಡಿನ ಮುಂದೆ ಇದೇನೂ ಅಲ್ಲ ಬಿಡಿ. ಆದ್ರೂ, ಯಾರೂ ಜಾಗ ಕೊಡದವನು ತಾನೇ ಕಟ್ಟಿದ ಜಾಗದಲ್ಲಿ ಮಲಗಿದ್ದಾನೆ ಅನ್ನೋದು ಮನಸ್ಸಲ್ಲಿ ಉಳೀತು.

ಒಮ್ಮೆ ಹೋಗಿ ಬನ್ನಿ. ಪ್ರಾರ್ಥನೆ ನಡೀತಿದ್ರೆ ಫೋನ್ ಜೇಬಲ್ಲೇ ಇರಲಿ.