ಡಾಕ್ಟರಿಲ್ಲದ ಹೊತ್ತಲ್ಲಿ ಸಿಸ್ಟರು ಏನು ಮಾಡಬಹುದು?

ಹಳ್ಳಿ ಆಸ್ಪತ್ರೆಯಲ್ಲಿ ಬಸುರಿಗೆ ಫಿಟ್ಸ್ ಬಂತು, ಡಾಕ್ಟರಿಲ್ಲ. ಸಿಸ್ಟರು ಕೈಕಟ್ಟಿ ನಿಲ್ಲಬೇಕೇ? ಬೇಡ ಸ್ವಾಮಿ. ಕೇಂದ್ರ ಸರ್ಕಾರದ 2010ರ ಮಾರ್ಗಸೂಚಿಯಂತೆ, ತರಬೇತಿ ಪಡೆದ ಎಎನ್‌ಎಂ ಮೆಗ್ನೀಷಿಯಂ ಸಲ್ಫೇಟಿನ ಮೊದಲ ಡೋಸು ಚುಚ್ಚಿ ದೊಡ್ಡಾಸ್ಪತ್ರೆಗೆ ಸಾಗಹಾಕಬಹುದು.

ಅದೇ, 'ಗರ್ಭಪಾತ ನೀವೇ ಮಾಡಿಬಿಡಿ ಸಿಸ್ಟರ್' ಎಂದು ಡಾಕ್ಟರೇ ಹೇಳಿದರೂ ಮಾಡುವಂತಿಲ್ಲ. 1971ರ ಕಾಯ್ದೆ ಆ ಅಧಿಕಾರ ಕೊಟ್ಟಿರುವುದು ನೋಂದಾಯಿತ ವೈದ್ಯರಿಗೆ ಮಾತ್ರ. ಮೀರಿದರೆ 2ರಿಂದ 7 ವರ್ಷ ಕಠಿಣ ಸಜೆ!

ಕೈ ಪಳಗಿದ್ದರೆ ಸಾಲದು. ಕಾನೂನು ಬಿಡುತ್ತದೆಯೇ, ತರಬೇತಿ ಆಗಿದೆಯೇ, ಲಿಖಿತ ಆದೇಶವೋ ಮಾರ್ಗಸೂಚಿಯೋ ಇದೆಯೇ? ಮೂರನ್ನೂ ಕೇಳಿಕೊಳ್ಳಬೇಕು. ಬಾಯಲ್ಲಿ ಅಪ್ಪಣೆ ಕೊಟ್ಟವರು ನಾಳೆ 'ನಾನು ಹೇಳೇ ಇಲ್ಲ' ಅಂದರೆ ಸಿಕ್ಕಿಬೀಳೋದು ಸಿಸ್ಟರೇ. ಮಾಡಬಹುದಾದ್ದರ ಪಟ್ಟಿಯನ್ನು ಆರೋಗ್ಯಾಧಿಕಾರಿಗಳು ಹೆರಿಗೆ ಕೋಣೆಯ ಗೋಡೆಗೇ ಅಂಟಿಸಲಿ.